ಹಾಲಿಲ್ಲದ ಚಾಕೊಲೇಟ್ ಸಿಹಿಗೆ ನಮ್ಮ ಹಾಲುಬಾಯಿ ಸಾಕು

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ತೆಂಗಿನ ತೋಟ ಇದೆ, ಎರಡು ಹಸು ಇವೆ, ದಿನಾ ಡೈರಿಗೆ ಹಾಲು ಹಾಕ್ತೀವಿ. ಆದರೆ ನನ್ನ ಮಗಳಿಗೇ ಹಾಲು ಆಗಲ್ಲ. ಒಂದು ಲೋಟ ಕುಡಿದರೆ ಒಂದೆರಡು ಗಂಟೆಯಲ್ಲಿ ಹೊಟ್ಟೆ ಗುಡುಗುಡು, ಗ್ಯಾಸು, ಒಮ್ಮೊಮ್ಮೆ ಭೇದಿ. ಮೊಸರನ್ನ ಮಾತ್ರ ಏನೂ ಮಾಡಲ್ಲ. ಮುಂದಿನ ತಿಂಗಳು ಅವಳಿಗೆ 9 ತುಂಬುತ್ತೆ, ಚಾಕೊಲೇಟ್ ಪುಡ್ಡಿಂಗ್ ಬೇಕು ಅಂತ ಹಟ. ನನ್ನ ನಾದಿನಿಯ ಮಗನೂ ಬರ್ತಾನೆ, ಅವನಿಗೆ 5 ವರ್ಷ. ಅವನಿಗೆ ಹಾಲು ತಾಗಿದರೆ ಸಾಕು, ಮೈಯೆಲ್ಲ ದದ್ದು ಏಳುತ್ತೆ, ತುಟಿ ಊದುತ್ತೆ. ಅತ್ತೆಗೆ ಶುಗರ್ ಇದೆ. ಡಾರ್ಕ್ ಅಂತ ಬರೆದಿದ್ದ ಅರ್ಧ ಕೆಜಿ ಚಾಕೊಲೇಟ್ ಗಟ್ಟಿ ತಂದು ಕರಗಿಸಿ, ಕಾಯಿ ಹಾಲು ಹಾಕಿದೆ. ಎಲ್ಲಾ ಮರಳು ಮರಳಾಗಿ ಹೆಪ್ಪುಗಟ್ಟಿ ಹೋಯಿತು, ಹಸುವಿನ ಕಲಗಚ್ಚಿಗೆ ಸುರಿದೆ. ಕಾಯಿ ಹಾಲು ಕೊಲೆಸ್ಟ್ರಾಲ್ ಅಂತಾರೆ, ಬೆಲ್ಲ ಹಾಕಿದರೆ ಅತ್ತೆಗೂ ಕೊಡಬಹುದು ಅಂತಾರೆ, ಡಾರ್ಕ್ ಚಾಕೊಲೇಟ್ ಹೃದಯಕ್ಕೆ ಒಳ್ಳೇದು ಅಂತಾರೆ. ಯಾವುದು ನಿಜ? ಹಾಲು, ಬೆಣ್ಣೆ, ಕ್ರೀಮ್ ಏನೂ ಇಲ್ಲದೆ, ಸ್ವಲ್ಪ ಆರೋಗ್ಯಕರವಾಗಿ ಮನೆಯಲ್ಲೇ ಮಾಡೋದು ಹೇಗೆ?

ಉತ್ತರ:

ಮೊದಲು ಕಲಗಚ್ಚಿನ ವಿಷಯ ಮುಗಿಸಿಬಿಡೋಣ. ಒಂದು ಸಲ ಅಷ್ಟು ಹೋಗಿದ್ದಕ್ಕೆ ಗಾಬರಿ ಬೇಡ. ಆದರೆ ಇನ್ನೊಮ್ಮೆ ಹಾಕಬೇಡಿ. ಕೋಕೋದಲ್ಲಿ ಥಿಯೋಬ್ರೊಮಿನ್ ಅಂತ ಒಂದು ಅಂಶವಿದೆ. ನಮಗೆ ಅದು ಸುಲಭವಾಗಿ ಅರಗುತ್ತದೆ, ದನಕರುಗಳಿಗೆ ಒಳ್ಳೆಯದಲ್ಲ. ನಾಯಿಗಂತೂ ವಿಷ. ಪಾತ್ರೆ ನೆಕ್ಕಲು ನಾಯಿಗೆ ಬಿಡಬೇಡಿ.

ಇನ್ನು ನಿಮ್ಮ ಚಿಂತೆ. ಪತ್ರದಲ್ಲಿ ಕೇಳಿರುವುದು ಒಂದು ಪುಡ್ಡಿಂಗ್ ಬಗ್ಗೆ, ಆದರೆ ಅದನ್ನು ತಿನ್ನುವವರು ಮೂರು ಥರದವರು. ಹಾಲು ಅರಗದ ಹುಡುಗಿ, ಹಾಲಿನ ಅಲರ್ಜಿ ಇರುವ ಹುಡುಗ, ಸಕ್ಕರೆ ಕಾಯಿಲೆಯ ಅಜ್ಜಿ. ಮೂವರಿಗೂ ಹಿಡಿಸುವ ಸಿಹಿ ಮಾಡಬಹುದು. ಆದರೆ ಮೂವರ ತೊಂದರೆಯೂ ಒಂದೇ ಅಂದುಕೊಂಡರೆ ಎಡವುತ್ತೇವೆ.

ನಿಮ್ಮ ಮಗಳದ್ದು, ನೀವು ಬರೆದಿರುವ ಲಕ್ಷಣ ನೋಡಿದರೆ, ಹಾಲಿನ ಸಕ್ಕರೆ ಅರಗದಿರುವ ತೊಂದರೆಯ ಹಾಗಿದೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎದೆಹಾಲು ಕುಡಿಯುವ ವಯಸ್ಸಿನಲ್ಲಿ ಅದು ಧಾರಾಳವಾಗಿರುತ್ತದೆ, ಆಮೇಲೆ ಅನೇಕರಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸುತ್ತವೆ. ಗ್ಯಾಸು, ಗುಡುಗುಡು, ಭೇದಿ ಎಲ್ಲ ಅದರದ್ದೇ. ಮೊಸರಿನಲ್ಲಿ ಲ್ಯಾಕ್ಟೋಸ್‌ನ ಒಂದು ಭಾಗವನ್ನು ಹೆಪ್ಪಿನ ಬ್ಯಾಕ್ಟೀರಿಯಾ ಮೊದಲೇ ತಿಂದು ಮುಗಿಸಿರುತ್ತವೆ. ಅದಕ್ಕೇ ಮೊಸರನ್ನ ಅವಳಿಗೆ ಏನೂ ಮಾಡುವುದಿಲ್ಲ. ಇದು ಕಾಯಿಲೆ ಅನ್ನುವುದಕ್ಕಿಂತ ಮೈಯ ರೀತಿ. ಇಂಥವರಲ್ಲಿ ಹೆಚ್ಚಿನವರು ಊಟದ ಜೊತೆ ಸ್ವಲ್ಪ ಹಾಲು ತಡೆದುಕೊಳ್ಳುತ್ತಾರೆ. ಒಂದು ಚಮಚ ತುಪ್ಪ, ಚಾಕೊಲೇಟಿನಲ್ಲಿರುವ ಚೂರು ಹಾಲಿನ ಪುಡಿ ಇವಳಿಗೆ ತೊಂದರೆ ಕೊಡುವುದು ಕಡಿಮೆ. ಆದರೂ ಭೇದಿ ಪದೇ ಪದೇ ಆದರೆ, ತೂಕ ಏರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬರೀ ಪತ್ರ ಓದಿ ನಾನು ಇದೇ ಅಂತ ಸಹಿ ಹಾಕಲಾರೆ.

ನಾದಿನಿಯ ಮಗನದ್ದು ಬೇರೆಯೇ ವಿಷಯ. ದದ್ದು, ತುಟಿ ಊತ ಅಂದರೆ ಹಾಲಿನ ಪ್ರೋಟೀನಿಗೆ ಮೈ ತಿರುಗಿ ಬೀಳುವ ಅಲರ್ಜಿ. ಇಲ್ಲಿ ಚೂರು, ಚಿಟಿಕೆ ಎಂಬ ರಿಯಾಯಿತಿ ಇಲ್ಲ. ತುಪ್ಪವೂ ಬೇಡ, ಏಕೆಂದರೆ ಕಾಯಿಸಿದ ತುಪ್ಪದಲ್ಲೂ ಪ್ರೋಟೀನಿನ ಅಂಶ ಉಳಿದಿರಬಹುದು. ಲ್ಯಾಕ್ಟೋಸ್ ತೆಗೆದ ಹಾಲು ಅಂತ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೂ ಹಾಲೇ, ಪ್ರೋಟೀನ್ ಹಾಗೇ ಇರುತ್ತದೆ. ಮೇಕೆ ಹಾಲು ಕೊಡಿ ಅನ್ನುವ ಹಿರಿಯರ ಸಲಹೆಯೂ ಇಲ್ಲಿ ನಡೆಯುವುದಿಲ್ಲ. ಮೇಕೆ ಹಾಲಿನ ಪ್ರೋಟೀನು ಹಸುವಿನದಕ್ಕೆ ತುಂಬಾ ಹತ್ತಿರ. ಆದ್ದರಿಂದ ಆ ದಿನದ ಸಿಹಿಯನ್ನು ಈ ಹುಡುಗನ ಲೆಕ್ಕದಲ್ಲೇ ಮಾಡಿ. ಅವನು ತಿನ್ನಬಹುದಾದದ್ದನ್ನು ಮಗಳೂ ತಿನ್ನಬಹುದು.

ಇಲ್ಲೊಂದು ಹಳೆಯ ಸಂಗತಿ. ತುಮಕೂರಿನಲ್ಲಿ ನನ್ನ ಹತ್ತಿರ ಒಬ್ಬ ತಾಯಿ 4 ವರ್ಷದ ಮಗನನ್ನು ಕರೆತಂದಿದ್ದರು. ಹಿಂದಿನ ವಾರ ಮಗು ರಾತ್ರಿಯೆಲ್ಲ ಆಸ್ಪತ್ರೆಯಲ್ಲಿತ್ತು. ಆಕೆ ಪರ್ಸಿನಿಂದ ನಾಲ್ಕಾಗಿ ಮಡಚಿದ ಚಾಕೊಲೇಟಿನ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಹಸಿರು ಚುಕ್ಕಿ ಇದೆ, ಡಾರ್ಕ್ ಅಂತಾನೂ ಇದೆ, ಹಾಲು ಎಲ್ಲಿಂದ ಬಂತು?" ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಟಿಸಿದ ಮಡಿಕೆಯ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹಾಲಿನ ಘನಾಂಶ ಅಂತಿತ್ತು. ಆಕೆಯ ತಪ್ಪಲ್ಲ. ಹಸಿರು ಚುಕ್ಕಿ ಅಂದರೆ ಸಸ್ಯಾಹಾರ ಅಂತ ಅಷ್ಟೇ. ನಮ್ಮ ದೇಶದಲ್ಲಿ ಹಾಲೂ ಸಸ್ಯಾಹಾರವೇ ಅಲ್ವಾ! ಡಾರ್ಕ್ ಅನ್ನುವ ಪದವೂ ಹಾಲಿಲ್ಲ ಅಂತ ಮಾತು ಕೊಡುವುದಿಲ್ಲ.

ಹಾಗಾಗಿ ಪೊಟ್ಟಣದ ಮುಂಭಾಗ ಬಿಡಿ, ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸೀನ್, ಬಟರ್ ಫ್ಯಾಟ್ ಇವುಗಳಲ್ಲಿ ಯಾವುದಿದ್ದರೂ ಅದು ಹಾಲೇ. ಪಟ್ಟಿಯ ಕೆಳಗೆ 'ಹಾಲು ಇದೆ' ಅಂತಲೋ 'ಹಾಲು ಇರಬಹುದು' ಅಂತಲೋ ಇಂಗ್ಲಿಷಿನಲ್ಲಿ ಅಲರ್ಜಿ ಸೂಚನೆ ಇರುತ್ತದೆ. 'ಇರಬಹುದು' ಅಂದರೆ ಹಾಲಿನ ಚಾಕೊಲೇಟ್ ಓಡುವ ಯಂತ್ರದಲ್ಲೇ ಇದನ್ನೂ ಮಾಡಿರಬಹುದು ಅಂತ. ನಿಮ್ಮ ಮಗಳಿಗೆ ಅದು ಪರವಾಗಿಲ್ಲ. ಆ ಹುಡುಗನಿಗೆ ಬೇಡ. 2022ರ ನಿಯಮದ ಪ್ರಕಾರ ಪ್ರಾಣಿಮೂಲದ ಏನನ್ನೂ ಹಾಕದ ತಿನಿಸಿಗೆ ವೀಗನ್ ಗುರುತು ಬಂದಿದೆ, ಹಸಿರಿನಲ್ಲಿ ಇಂಗ್ಲಿಷಿನ 'ವಿ' ಅಕ್ಷರ, ಅದರ ಮೇಲೊಂದು ಎಲೆ. ಅದಿದ್ದರೆ ಅರ್ಧ ಕೆಲಸ ಹಗುರ, ಆದರೂ ಅಲರ್ಜಿ ಸೂಚನೆ ಓದಲೇಬೇಕು.

ಒಂದು ಹೆಸರಿಗೆ ಮಾತ್ರ ಹೆದರಬೇಡಿ, ಕೋಕೋ ಬಟರ್. ಹೆಸರಲ್ಲಿ ಬೆಣ್ಣೆ ಇದೆ, ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಕೋಕೋ ಬೀಜದ ಕೊಬ್ಬು ಅದು. ನಮ್ಮ ಹಾಲುಬಾಯಿಯಲ್ಲಿ ಹಸುವಿನ ಹಾಲು ಇಲ್ಲದ ಹಾಗೆ.

ನೀವು ತಂದ ಅರ್ಧ ಕೆಜಿ ಗಟ್ಟಿ ಬಹುಶಃ ಬೇಕರಿಯವರು ಕಾಂಪೌಂಡ್ ಅನ್ನುವ ಸರಕು. ಅದರಲ್ಲಿ ಕೋಕೋ ಬಟರ್ ಬದಲು ಬೇರೆ ಗಿಡದ ಕೊಬ್ಬು ಹಾಕಿರುತ್ತಾರೆ, ಹೆಚ್ಚಾಗಿ ತಾಳೆಯದು. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಿಸಿಲಿಗೆ ಅಷ್ಟು ಬೇಗ ಕರಗುವುದಿಲ್ಲ. ಕೇಕಿನ ಮೇಲೆ ಸುರಿಯಲು ಸರಿ. ಆರೋಗ್ಯದ ದೃಷ್ಟಿಯಿಂದ ಹೇಳಬೇಕಾದರೆ, ಸಕ್ಕರೆಯೂ ಜಾಸ್ತಿ, ಗಟ್ಟಿ ಕೊಬ್ಬೂ ಜಾಸ್ತಿ, ಕೋಕೋ ಮಾತ್ರ ಕಡಿಮೆ. ಬಹಳಷ್ಟು ಕಾಂಪೌಂಡ್‌ನಲ್ಲಿ ಹಾಲಿನ ಪುಡಿಯೂ ಇರುತ್ತದೆ. ಆ ಪೊಟ್ಟಣ ಇನ್ನೂ ಇದ್ದರೆ ತಿರುಗಿಸಿ ನೋಡಿ.

ಅದು ಮರಳಾಗಿದ್ದು ನಿಮ್ಮ ಕೈಗುಣದಿಂದಲ್ಲ. ಚಾಕೊಲೇಟ್ ಅಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ, ಕೋಕೋ ಪುಡಿಯ ಕಣಗಳು. ನೀರಿನ ಅಂಶ ಅಲ್ಲಿ ಇರುವುದೇ ಇಲ್ಲ ಅನ್ನಬಹುದು. ರಾಗಿ ಹಿಟ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಏನಾಗುತ್ತದೆ? ಗಂಟು ಗಂಟಾಗುತ್ತದೆ. ಅದೇ ಹಿಟ್ಟಿಗೆ ಧಾರಾಳವಾಗಿ ನೀರು ಹಾಕಿ ಕಲಸಿದರೆ ನುಣ್ಣಗೆ ಅಂಬಲಿಯಾಗುತ್ತದೆ. ಚಾಕೊಲೇಟೂ ಹಾಗೇ. ಎರಡು ಚಮಚ ಕಾಯಿ ಹಾಲು ಬಿದ್ದಾಗ ಸಕ್ಕರೆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡವು, ಅಷ್ಟೇ. ಸುರಿದುಬಿಡುವ ಬದಲು ಬಿಸಿ ಕಾಯಿ ಹಾಲನ್ನು ಇನ್ನಷ್ಟು ಹಾಕಿ ತಿರುವಿದ್ದರೆ ಸಾಸ್ ಆಗಿ ಸರಿಹೋಗುತ್ತಿತ್ತು. ಮುಂದಿನ ಸಲ ಉಲ್ಟಾ ಮಾಡಿ. ಕಾಯಿ ಹಾಲನ್ನು ಬಿಸಿ ಮಾಡಿ, ಪುಡಿ ಮಾಡಿದ ಚಾಕೊಲೇಟಿನ ಮೇಲೆ ಸುರಿಯಿರಿ, ಎರಡು ನಿಮಿಷ ಮುಟ್ಟದೆ ಬಿಡಿ, ಆಮೇಲೆ ನಡುವಿನಿಂದ ನಿಧಾನಕ್ಕೆ ತಿರುವಿ. 100 ಗ್ರಾಂ ಚಾಕೊಲೇಟಿಗೆ 100 ಮಿಲಿ ಹಾಲು.

ಆದರೆ ನನ್ನನ್ನು ಕೇಳಿದರೆ ಈ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಗಟ್ಟಿಯೇ ಬೇಡ. ಕೋಕೋ ಪುಡಿ ಸಾಕು. ಹಾಲಿನ ಭಯ ಕಡಿಮೆ, ಸಕ್ಕರೆ ಎಷ್ಟು ಅನ್ನುವುದು ನಿಮ್ಮ ಕೈಯಲ್ಲಿ. ತರುವಾಗ ಒಂದೇ ಎಚ್ಚರ. ಡ್ರಿಂಕಿಂಗ್ ಚಾಕೊಲೇಟ್ ಅಂತ ಬರುವ ಪುಡಿ ಬೇರೆ, ಅದರಲ್ಲಿ ಸಕ್ಕರೆಯೇ ಮುಂದೆ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಹಾಲೂ ಇರುತ್ತದೆ. ಪದಾರ್ಥ ಕೋಕೋ ಒಂದೇ ಇರಬೇಕು, ಹೆಚ್ಚೆಂದರೆ ಪಕ್ಕದಲ್ಲಿ 501 ಅಂತ ಒಂದು ಸಂಖ್ಯೆ. ಆ ಸಂಖ್ಯೆ ಇದ್ದರೆ ಕೋಕೋದ ಹುಳಿಯನ್ನು ಕ್ಷಾರ ಹಾಕಿ ಮುರಿದಿದ್ದಾರೆ ಅಂತ ಅರ್ಥ. ಬಣ್ಣ ಕಪ್ಪಾಗುತ್ತದೆ, ರುಚಿ ಮೆತ್ತಗಾಗುತ್ತದೆ, ಆದರೆ ಫ್ಲಾವನಾಲ್ ಎಂಬ ಒಳ್ಳೆಯ ಅಂಶ ಬಹಳ ಕಳೆದುಹೋಗುತ್ತದೆ. ಕ್ಷಾರ ಹಾಕದ್ದು ಮೇಲು ಅಂತ ಪುಸ್ತಕ ಹೇಳುತ್ತದೆ. ನಾನು ಹೇಳುವುದೇನೆಂದರೆ, ಒಬ್ಬೊಬ್ಬರ ಪಾಲಿಗೆ ಬರುವುದು ದೊಡ್ಡ ಚಮಚದಲ್ಲಿ ಕಾಲು ಭಾಗ ಕೋಕೋ. ಮಗಳಿಗೆ ಯಾವುದು ಹಿಡಿಸುತ್ತದೋ ಅದನ್ನೇ ತನ್ನಿ.

ಹೃದಯಕ್ಕೆ ಒಳ್ಳೆಯದು ಎಂಬ ಮಾತು ಹುಟ್ಟಿದ್ದು ಈ ಫ್ಲಾವನಾಲ್‌ನಿಂದಲೇ. ಅಮೆರಿಕದಲ್ಲಿ 21,000ಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ಕಾಸ್ಮೋಸ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅವರಿಗೆ ಕೊಟ್ಟಿದ್ದು ಚಾಕೊಲೇಟ್ ಅಲ್ಲ, ದಿನಕ್ಕೆ 500 ಮಿಲಿಗ್ರಾಂ ಫ್ಲಾವನಾಲ್ ಇರುವ ಮಾತ್ರೆ. ಹೃದ್ರೋಗದಿಂದ ಸಾಯುವವರು ಸ್ವಲ್ಪ ಕಡಿಮೆಯಾದರು, ಆದರೆ ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿ ನೋಡಿದಾಗ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಹಾಗಿರುವಾಗ ಸಕ್ಕರೆ, ಕೊಬ್ಬು ಬೆರೆಸಿದ ಗಟ್ಟಿ ತಿಂದು ಹೃದಯ ಕಾಯ್ದುಕೊಳ್ಳುತ್ತೇವೆ ಅನ್ನುವುದು ಸುಮ್ನೆ ನಮ್ಮ ಆಸೆ. ಚಾಕೊಲೇಟನ್ನು ರುಚಿಗೆ ತಿನ್ನಿ, ಔಷಧಿ ಅಂತ ಬೇಡ.

ಈಗ ಸಿಹಿಗೆ ಬರೋಣ. ನನ್ನ ಸಲಹೆ ರಾಗಿ ಹಾಲುಬಾಯಿ, ಅದಕ್ಕೆ ಕೋಕೋ. ಹಾಲಿಲ್ಲದ ಪುಡ್ಡಿಂಗ್ ಅಂತ ಪಟ್ಟಣದ ಅಂಗಡಿಗಳಲ್ಲಿ ಈಗ ದುಬಾರಿ ಬೆಲೆಗೆ ಮಾರುವುದನ್ನು ನಮ್ಮ ಅಜ್ಜಿಯರು ರಾಗಿ, ಕಾಯಿ, ಬೆಲ್ಲದಲ್ಲೇ ಮಾಡಿ ತಟ್ಟೆಗೆ ಸುರಿದು ಕೊಯ್ದುಕೊಡುತ್ತಿದ್ದರು. ಮೊಟ್ಟೆ ಇಲ್ಲ, ಜೆಲಾಟಿನ್ ಇಲ್ಲ, ಕಾರ್ನ್‌ಫ್ಲೋರ್ ಇಲ್ಲ. ರಾಗಿಯ ಪಿಷ್ಟ ಬಿಸಿಗೆ ನೀರು ಹೀರಿ ಉಬ್ಬುತ್ತದೆ, ತಣ್ಣಗಾದಾಗ ಹಿಡಿದು ನಿಲ್ಲುತ್ತದೆ. ಕಾಯಿ ಹಾಲಿನ ಕೊಬ್ಬು ನಾಲಿಗೆಗೆ ಜಾರುವ ನುಣುಪು ಕೊಡುತ್ತದೆ. ರಾಗಿಯ ಬಣ್ಣ ಹೇಗೂ ಚಾಕೊಲೇಟಿನದೇ. ಮಕ್ಕಳಿಗೆ ರಾಗಿ ಇದೆ ಅಂತ ಹೇಳದಿದ್ದರೆ ಗೊತ್ತೇ ಆಗುವುದಿಲ್ಲ.

ಅಳತೆ ಹೀಗೆ. ರಾಗಿ 1 ಲೋಟ, ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಉಳಿದ ಚರಟವನ್ನು ಇನ್ನೊಮ್ಮೆ ರುಬ್ಬಿ ಹಿಂಡಿ. ಎಲ್ಲ ಸೇರಿ ಎರಡೂವರೆ ಲೋಟ ರಾಗಿ ಹಾಲು ಬರಬೇಕು. ಒಂದು ಮಧ್ಯಮ ಗಾತ್ರದ ತೆಂಗಿನಕಾಯಿ ತುರಿದು, ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಮೊದಲ ಹಾಲು ಒಂದು ಲೋಟ, ಎರಡನೇ ಹಾಲು ಒಂದು ಲೋಟ ಬೇರೆ ಬೇರೆ ತೆಗೆದಿಡಿ. ತಿಪಟೂರಿನವರಿಗೆ ಕಾಯಿ ಹಾಲು ತೆಗೆಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಕೊಬ್ಬರಿ ಬಳಸಬೇಡಿ, ಹಸಿ ಕಾಯಿಯೇ ಆಗಬೇಕು. ಬೆಲ್ಲ 150 ಗ್ರಾಂ, ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ. ಕೋಕೋ ಪುಡಿ 4 ದೊಡ್ಡ ಚಮಚ, ಮಟ್ಟವಾಗಿ. ಉಪ್ಪು ಒಂದು ಚಿಟಿಕೆ.

ಮೊದಲ ಸಲ ಮಾಡಿದಾಗ ನಾನು ಕೋಕೋವನ್ನು ಕುದಿಯುವ ಬಾಣಲೆಗೇ ಉದುರಿಸಿದ್ದೆ. ಪುಡಿ ನೀರಿಗೆ ಬೆರೆಯದೆ ಮೇಲೆ ತೇಲಿತು, ಸೌಟಿನಿಂದ ಒತ್ತಿದಷ್ಟೂ ಸಣ್ಣ ಸಣ್ಣ ಗುಂಡಾಗಿ ಓಡಾಡಿತು. ಒಡೆದು ನೋಡಿದರೆ ಗುಂಡಿನೊಳಗೆ ಒಣ ಪುಡಿ ಹಾಗೇ! ಕೋಕೋದಲ್ಲಿ ಕೊಬ್ಬಿನಂಶ ಇರುವುದರಿಂದ ಅದು ನೀರನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೇ ಮೊದಲು ಬಟ್ಟಲಿನಲ್ಲಿ ಕೋಕೋಗೆ ಬಿಸಿ ಬೆಲ್ಲದ ನೀರನ್ನು ಚಮಚ ಚಮಚವಾಗಿ ಹಾಕಿ, ಗೋಪಿಚಂದನ ಅರೆದ ಹಾಗೆ ನುಣ್ಣಗೆ ಕಲಸಿಕೊಳ್ಳಿ. ಬಿಸಿಗೆ ಕೋಕೋದ ಘಮವೂ ಬಿಚ್ಚಿಕೊಳ್ಳುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ರಾಗಿ ಹಾಲು, ಕಾಯಿಯ ಎರಡನೇ ಹಾಲು, ಬೆಲ್ಲ, ಕೋಕೋ ಎಲ್ಲ ಸೇರಿಸಿ, ಒಲೆ ಹಚ್ಚುವ ಮೊದಲೇ ಕದಡಿ. ಆಮೇಲೆ ಸಣ್ಣ ಉರಿ. ಮೊದಲ ಐದಾರು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ತಳದಲ್ಲಿ ಸೌಟಿಗೆ ಏನೋ ಜಿಗುಟಾಗಿ ತಾಗುತ್ತದೆ. ಅಲ್ಲಿಂದ ಕೈ ಬಿಡುವ ಹಾಗಿಲ್ಲ. ಫೋನ್ ಬಂದರೂ ಎತ್ತಬೇಡಿ, ನಾನು ಎತ್ತಿ ತಳ ಹಿಡಿಸಿದ್ದೇನೆ. ಗಟ್ಟಿಯಾಗತೊಡಗಿದಾಗ ಮೊದಲ ಹಾಲು ಹಾಕಿ. ಗಟ್ಟಿ ಹಾಲನ್ನು ಆರಂಭದಲ್ಲೇ ಹಾಕಿ ಜೋರಾಗಿ ಕುದಿಸಿದರೆ ಅದು ಒಡೆದು ಎಣ್ಣೆ ಬಿಡುತ್ತದೆ, ಅದಕ್ಕೇ ಕೊನೆಗೆ. 20-25 ನಿಮಿಷದಲ್ಲಿ ಮಿಶ್ರಣ ಹೊಳಪು ಬಂದು ಬಾಣಲೆಯ ಅಂಚು ಬಿಡುತ್ತದೆ. ಒದ್ದೆ ಬೆರಳಿನಲ್ಲಿ ಮುಟ್ಟಿದರೆ ಅಂಟಬಾರದು. ಮುದ್ದೆ ಬೆಂದಿದೆಯಾ ಅಂತ ನೋಡುವ ಹಾಗೇ. ತಟ್ಟೆಗೆ ಕೊಬ್ಬರಿ ಎಣ್ಣೆ ಸವರಿ ಸುರಿಯಿರಿ. ತುಪ್ಪ ಬೇಡ. ಅಭ್ಯಾಸಬಲದಿಂದ ಕೈ ತುಪ್ಪದ ಡಬ್ಬಿಗೆ ಹೋಗುತ್ತದೆ, ಆ ಡಬ್ಬಿಯನ್ನು ಮೊದಲೇ ಬೀರುವಿಗೆ ಸೇರಿಸಿ.

ಕೊಯ್ದ ತುಂಡು ಪುಡ್ಡಿಂಗ್ ಅಲ್ಲ ಅಂತ ಮಗಳು ತಕರಾರು ತೆಗೆದರೆ ರಾಗಿಯನ್ನು ಅರ್ಧ ಲೋಟಕ್ಕೆ ಇಳಿಸಿ, ಉಳಿದದ್ದು ಹಾಗೇ ಇರಲಿ. ಸೌಟಿನ ಹಿಂಬದಿಗೆ ದಪ್ಪಗೆ ಅಂಟುವಾಗ ಇಳಿಸಿ ಪುಟ್ಟ ಬಟ್ಟಲುಗಳಿಗೆ ಹಾಕಿ. ಚಮಚದಲ್ಲಿ ತಿನ್ನುವ ಹದ ಬರುತ್ತದೆ.

ರುಚಿಯ ಒಂದು ಗುಟ್ಟು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕೊಟ್ಟರೆ ಸಿಹಿ ಸಾಲದು ಅನ್ನುತ್ತಾರೆ, ಮುಂದಿನ ಸಲ ನೀವು ಬೆಲ್ಲ ಜಾಸ್ತಿ ಹಾಕುತ್ತೀರಿ. ಅರ್ಧ ಗಂಟೆ ಹೊರಗಿಟ್ಟು ಕೊಡಿ. ಚಿಟಿಕೆ ಉಪ್ಪನ್ನು ಮರೆಯಬೇಡಿ, ಕೋಕೋದ ಕಹಿಯನ್ನು ಅದು ತಗ್ಗಿಸುತ್ತದೆ.

ಬೆಲ್ಲದ ಬಗ್ಗೆ ನನ್ನ ಮಾತು ನಿಮ್ಮ ಅತ್ತೆಗೆ ಇಷ್ಟವಾಗಲಿಕ್ಕಿಲ್ಲ. ಬೆಲ್ಲದಲ್ಲಿ ಸ್ವಲ್ಪ ಖನಿಜ ಇದೆ, ರುಚಿಗೆ ಆಳ ಇದೆ, ಕೋಕೋ ಜೊತೆ ಸಕ್ಕರೆಗಿಂತ ಚೆನ್ನಾಗಿ ಹೊಂದುತ್ತದೆ. ಆದರೆ ಅದರ ಬಹುಪಾಲು ಸಕ್ಕರೆಯೇ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಖರ್ಜೂರವೂ ಸಿಹಿಯೇ, ನಾರು ಇದೆ ಅನ್ನುವುದೊಂದು ಲಾಭ. ಮೇಲಿನ ಅಳತೆಯಲ್ಲಿ 16 ತುಂಡು ಕೊಯ್ದರೆ ಒಂದಕ್ಕೆ ಸುಮಾರು 9 ಗ್ರಾಂ ಬೆಲ್ಲ, ಅಂದರೆ ಎರಡು ಟೀ ಚಮಚ ಸಕ್ಕರೆಗೆ ಹತ್ತಿರ. ಅದರ ಜೊತೆ ರಾಗಿ ಪಿಷ್ಟವೂ ಇದೆ, ಬೇಯಿಸಿ ಸೋಸಿದ ಪಿಷ್ಟ ಬೇಗ ಅರಗುತ್ತದೆ. ರಾಗಿ ಅಂದ ಕೂಡಲೇ ಶುಗರ್‌ನವರಿಗೆ ಲೆಕ್ಕವಿಲ್ಲ ಅನ್ನುವುದು ತಪ್ಪು. ಅತ್ತೆಗೆ ಪೂರ್ತಿ ಬೇಡ ಅನ್ನಬೇಕಾಗಿಲ್ಲ. ಒಂದು ತುಂಡು, ಊಟದ ಕೊನೆಗೆ, ಆ ಹೊತ್ತಿನ ಮುದ್ದೆಯಲ್ಲಿ ಸ್ವಲ್ಪ ಮುರಿದು. ಸಿಹಿ ತಿಂದೆ ಅಂತ ಮಾತ್ರೆ ಹೆಚ್ಚು ಕಡಿಮೆ ಮಾಡಿಕೊಳ್ಳುವುದು ಬೇಡ. ಅವರಿಗೆ ಕಿಡ್ನಿಯ ತೊಂದರೆಯೂ ಇದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ, ಕೋಕೋ, ಕಾಯಿ ಹಾಲು ಎರಡರಲ್ಲೂ ಪೊಟ್ಯಾಸಿಯಂ ಇದೆ. ಕಿಡ್ನಿ ಕಲ್ಲು ಬಂದವರಿಗೂ ಕೋಕೋ ಹಿತಮಿತವಾಗಿರಲಿ, ಅದರಲ್ಲಿ ಆಕ್ಸಲೇಟ್ ಜಾಸ್ತಿ.

ಕಾಯಿ ಹಾಲು ಕೊಲೆಸ್ಟ್ರಾಲ್ ಅನ್ನುವುದು ಅರ್ಧ ಸುಳ್ಳು, ಅರ್ಧ ನಿಜ. ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ಗಿಡದ ಆಹಾರ ಅದು. ಆದರೆ ಅದರ ಕೊಬ್ಬಿನಲ್ಲಿ ಸುಮಾರು ಶೇ. 90ರಷ್ಟು ಸ್ಯಾಚುರೇಟೆಡ್ ಬಗೆಯದು. ಅದು ಜಾಸ್ತಿಯಾದರೆ ನಮ್ಮ ಯಕೃತ್ತು ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ತೆಗೆಯುವುದು ನಿಧಾನವಾಗುತ್ತದೆ. ತೆಂಗಿನ ನಾಡಿನಲ್ಲಿ ಕೂತು ಇದನ್ನು ಹೇಳುವುದು ಕಷ್ಟ, ಆದರೂ ಇರುವುದು ಹಾಗೆ. ಒಂದು ಕಾಯಿಯ ಹಾಲು 16 ತುಂಡಿಗೆ ಹಂಚಿದರೆ ತಲಾ 3-4 ಗ್ರಾಂ ಕೊಬ್ಬು ಬರಬಹುದು. 40 ಗ್ರಾಮಿನ ಚಾಕೊಲೇಟ್ ಬಾರ್‌ನಲ್ಲಿ ಸುಮಾರು 12 ಗ್ರಾಂ ಇರುತ್ತದೆ. ಹಬ್ಬ ಹುಣ್ಣಿಮೆಗೆ ಇದು ಚಿಂತೆ ಮಾಡುವ ಮೊತ್ತವಲ್ಲ. ದಿನಾ ಲೋಟಗಟ್ಟಲೆ ಕಾಯಿ ಹಾಲು ಕುಡಿದರೆ ಮಾತ್ರ ಬೇರೆ ಮಾತು.

ಬೇರೆ ದಾರಿಗಳೂ ಇವೆ. ಬೆಣ್ಣೆ ಹಣ್ಣು ಸಿಕ್ಕರೆ, ಚೆನ್ನಾಗಿ ಮಾಗಿದ ಒಂದಕ್ಕೆ 3 ಚಮಚ ಕೋಕೋ, ದಪ್ಪ ಬೆಲ್ಲದ ಪಾಕ ಹಾಕಿ ಮಿಕ್ಸಿಯಲ್ಲಿ ತಿರುವಿದರೆ ಒಲೆಯೇ ಬೇಕಿಲ್ಲ. ಅದರ ಕೊಬ್ಬು ತೆಂಗಿನದಕ್ಕಿಂತ ಹೃದಯಕ್ಕೆ ಮೇಲು, ನಾರೂ ಇದೆ. ಆದರೆ ಅರೆಮಾಗಿದ್ದರೆ ಸೊಪ್ಪಿನ ವಾಸನೆ ಬರುತ್ತದೆ, ಮಕ್ಕಳು ಬಟ್ಟಲು ಪಕ್ಕಕ್ಕಿಡುತ್ತಾರೆ. ಏಲಕ್ಕಿ ಬಾಳೆಹಣ್ಣನ್ನು ಬಿಲ್ಲೆ ಮಾಡಿ ರಾತ್ರಿ ಫ್ರೀಜರಿನಲ್ಲಿಟ್ಟು, ಕೋಕೋ ಹಾಕಿ ರುಬ್ಬಿದರೆ ಐಸ್‌ಕ್ರೀಮಿನ ಹದ ಬರುತ್ತದೆ, ಬೆಲ್ಲವೇ ಬೇಡ. ಕೂಡಲೇ ತಿನ್ನಬೇಕು. ಹುರಿಹಿಟ್ಟು ಮನೆಯಲ್ಲಿದ್ದರೆ ಅದಕ್ಕೆ ಕೋಕೋ, ಬೆಲ್ಲದ ಪುಡಿ, ಕಾಯಿ ತುರಿ ಕಲಸಿ ಉಂಡೆ ಕಟ್ಟಿ. ಇದು ಹತ್ತು ನಿಮಿಷದ ಕೆಲಸ, ರಾಗಿಯ ಸಿಪ್ಪೆಯೂ ಹೊಟ್ಟೆಗೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಆರೋಗ್ಯದ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿರುವುದು ಈ ಉಂಡೆಯೇ, ಆದರೆ ಅದನ್ನು ಪುಡ್ಡಿಂಗ್ ಅಂತ ಒಪ್ಪಿಸಲು ಆಗುವುದಿಲ್ಲ. ಕಡಲೆಕಾಯಿ ಬೀಜ, ಗೋಡಂಬಿ ರುಬ್ಬಿ ಹಾಕಿದರೂ ಚೆನ್ನ. ಆದರೆ ಹಾಕುವ ಮೊದಲು ಬರುವ ಮಕ್ಕಳ ಮನೆಗೆ ಫೋನ್ ಮಾಡಿ ಕೇಳಿ. ಹಾಲಿನ ಅಲರ್ಜಿ ಇರುವ ಮಗುವಿಗೆ ಇನ್ನೊಂದು ಅಲರ್ಜಿಯೂ ಇರುವುದು ಅಪರೂಪವಲ್ಲ.

ಆ ಹುಡುಗನ ವಿಷಯಕ್ಕೇ ಮತ್ತೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಹಾಲು ಎಲ್ಲೆಲ್ಲೂ ಇರುತ್ತದೆ. ಬೆಳಿಗ್ಗೆ ಹಾಲು ಕರೆದ ಕೈ, ಹಾಲು ಕಾಯಿಸಿದ ಪಾತ್ರೆ, ಮೊಸರು ಸೋಸಿದ ಬಟ್ಟೆ. ರಾಗಿ ಹಿಂಡಲು ಹೊಸ ಬಟ್ಟೆ ತೆಗೆದುಕೊಳ್ಳಿ. ಮಿಕ್ಸಿ ಜಾರ್‌ನ ಮುಚ್ಚಳದ ರಬ್ಬರ್ ಬಿಚ್ಚಿ ಸೋಪು ಹಾಕಿ ತೊಳೆಯಿರಿ, ಅಲ್ಲಿ ಮಜ್ಜಿಗೆಯ ಪಸೆ ಕೂತಿರುತ್ತದೆ. ಅವನಿಗೆ ಮೊದಲು ಬಡಿಸಿ, ಆಮೇಲೆ ಮಿಕ್ಕವರಿಗೆ. ಪೊಟ್ಟಣಗಳನ್ನು ಬಿಸಾಡದೆ ಇಟ್ಟು ನಾದಿನಿಗೆ ತೋರಿಸಿ, ಅವರು ಓದಿ ಸರಿ ಅಂದ ಮೇಲೆ ಕೊಡಿ. ಅವರು ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ತಿಂದ ಮೇಲೆ ಮುಖ ಊದುವುದು, ಉಸಿರು ಕಟ್ಟುವುದು, ಮೇಲಿಂದ ಮೇಲೆ ವಾಂತಿ ಕಂಡರೆ ಮನೆಮದ್ದು ಮಾಡುತ್ತಾ ಕೂರಬಾರದು, ತಕ್ಷಣ ಆಸ್ಪತ್ರೆ.

ಹಾಲು ಕುಡಿಯದ ಮಗು ಹೇಗೆ ಬೆಳೆಯುತ್ತೆ ಅಂತ ನಿಮ್ಮ ಅತ್ತೆ ಕೇಳದೆ ಇರಲಾರರು. 7ರಿಂದ 9 ವರ್ಷದ ಮಕ್ಕಳಿಗೆ ದಿನಕ್ಕೆ 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನ ಹತ್ತಿರ ಇದೆ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಅವಳಿಗೆ ಒಗ್ಗುವ ಮೊಸರು, ಆಗಾಗ ಎಳ್ಳುಂಡೆ. ಇಷ್ಟಿದ್ದರೆ ಹಾಲಿನ ಲೋಟ ಹಿಡಿದು ಹಿಂದೆ ಓಡಬೇಕಾಗಿಲ್ಲ. ಆದರೆ ಹಾಲುಬಾಯಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಚರಟದ ಜೊತೆ ಕ್ಯಾಲ್ಸಿಯಂ, ನಾರು ಎರಡೂ ಒಂದಷ್ಟು ಹೋಗಿರುತ್ತದೆ, ಕಾಯಿ ಹಾಲಿನಲ್ಲಿ ಕ್ಯಾಲ್ಸಿಯಂ ಮೊದಲೇ ಕಡಿಮೆ. ಚರಟವನ್ನು ಎಸೆಯದೆ ಮರುದಿನದ ರೊಟ್ಟಿ ಹಿಟ್ಟಿಗೆ ಕಲಸಿ.

ಹುಟ್ಟುಹಬ್ಬಕ್ಕೆ ಎರಡು ರಾತ್ರಿ ಮೊದಲು ರಾಗಿ ನೆನೆಹಾಕಿ, ಹಿಂದಿನ ದಿನ ಮಾಡಿ ಮುಗಿಸಿ. ಕಾಯಿ ಹಾಲು ಬೇಗ ಹಳಸುತ್ತದೆ, ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಖಾಲಿ ಮಾಡಿ. ಫ್ರಿಜ್ಜಿನಲ್ಲಿ ಸ್ವಲ್ಪ ಬಿಗಿಯಾಗುತ್ತದೆ, ಹೊರಗಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ತಟ್ಟೆಯ ಬದಲು ಅಗಲ ಬಾಯಿಯ ಸ್ಟೀಲ್ ಬೇಸಿನ್ನಿಗೆ ಎಣ್ಣೆ ಸವರಿ ಸುರಿದರೆ, ಮಾರನೇ ದಿನ ಅಂಚಿಗೆ ಚಾಕು ಆಡಿಸಿ ತಟ್ಟೆಯ ಮೇಲೆ ಬೋರಲು ಹಾಕಬಹುದು. ಮೇಲೆ ಜರಡಿಯಲ್ಲಿ ಒಂದು ಚಮಚ ಕೋಕೋ ಉದುರಿಸಿ. ಒಂಬತ್ತು ಮೇಣದಬತ್ತಿ ಚುಚ್ಚಲು ಬೇಕಾದಷ್ಟು ಗಟ್ಟಿಯಾಗಿ ಅದು ನಿಲ್ಲುತ್ತದೆ.